ದಶಮಿಯ ಪಾಚಿ

ಕಶ್ಯಪ್ ಸೆಮಿನಾರಿಗೆ ಕರೆಯಲು ಬಂದದ್ದು ಮಗಳ ಮದುವೆಗೆ ಕರೆಯುವವನ ಠೀವಿಯಲ್ಲಿ. ಕಾರ್ಡಿನ ಮೂಲೆಮೂಲೆಗೂ ಅರಿಶಿನ ಹಚ್ಚಿತ್ತು. ಜೊತೆಗೆ ಸ್ಟೀಲ್ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಒಂದು ಶಾಲು ಬೇರೆ. ಅನಂತಲಕ್ಷ್ಮಿಯವರು ಕಾರ್ಡನ್ನು ಎರಡೇ ಬೆರಳಲ್ಲಿ ಹಿಡಿದು, ಅರಿಶಿನ ಸೀರೆಗೆ ತಾಗದ ಹಾಗೆ ದೂರ ಇಟ್ಟುಕೊಂಡು ಓದಿದರು. ‘ಬೇಲೆಕೋಡಿ ಲಗೂನಿನಲ್ಲಿ ಕಡಲಪಾಚಿಯ ಅವನತಿ: ರಾಷ್ಟ್ರೀಯ ವಿಚಾರ ಸಂಕಿರಣ’ ಎಂದಿತ್ತು. ಪಾಚಿ ಸತ್ತದ್ದಕ್ಕೆ ಅರಿಶಿನದ ಕಾರ್ಡು ಹಾಕಿಸಿದವನು ಭೂಮಂಡಲದಲ್ಲಿ ಇವನೊಬ್ಬನೇ ಇರಬೇಕು ಎಂದುಕೊಂಡರು.

ಆರ್‌ಪಿಸಿ ಲೇಔಟಿನ ಆ ಮನೆಯಲ್ಲಿ ಅನಂತಲಕ್ಷ್ಮಿ ಮತ್ತು ಅವರ ತಮ್ಮ ನಾಣಿ ಇಬ್ಬರೇ ಇದ್ದರು. ನಾಣಿ ಬ್ಯಾಂಕಿನಿಂದ ನಿವೃತ್ತನಾದವನು. ಅಕ್ಕನ ಮಾತಿಗೆ ನಗುವುದೇ ಈಗ ಅವನ ಕೆಲಸ, ಸಂಬಳವಿಲ್ಲ ಅಷ್ಟೇ. ಅಕ್ಕ ಬಸವೇಶ್ವರನಗರದ ಒಂದು ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದವರು. ರಾಜಾಜಿನಗರದಿಂದ ಕೆಂಗೇರಿಯವರೆಗೆ ಸಮುದ್ರದ ಪಾಚಿಯ ಬಗ್ಗೆ ಗೊತ್ತಿರುವವರು ಯಾರಿದ್ದಾರೆ ಎಂದು ಯಾರಾದರೂ ಕೇಳಿದರೆ ‘ನಾನಿದ್ದೀನಲ್ಲ’ ಎನ್ನುತ್ತಿದ್ದರು. ಮತ್ತೆ ಯಾರು ಎಂದರೆ ‘ಮತ್ತೆ ಯಾಕೆ?’ ಎನ್ನುತ್ತಿದ್ದರು.

ಕಶ್ಯಪ್ ಅವರ ಹಳೆಯ ವಿದ್ಯಾರ್ಥಿ. ಅವರು ಎದ್ದ ಕುರ್ಚಿಯಲ್ಲಿ ಈಗ ಕೂತವನು. ಅವನ ಡಾಕ್ಟರೇಟು ಬಾಳೆಯದು. ಗಾಜಿನ ಬಾಟಲಿಯಲ್ಲಿ ಬಾಳೆಯ ಸಸಿ ಬೆಳೆಸಿ ಪಿಎಚ್‌.ಡಿ. ಮಾಡಿದವನ ಕೈಗೆ ಆಡಳಿತ ಮಂಡಳಿಯವರು ಸಮುದ್ರವನ್ನು ಕೊಟ್ಟಿದ್ದರು. ಆವತ್ತಿನಿಂದ ಅನಂತಲಕ್ಷ್ಮಿಯವರ ಬಾಯಲ್ಲಿ ಅವನು ‘ಬಾಳೆಗಿಡ’.

ಹಾಗಂತ ಅವನು ಮರ್ಯಾದೆ ಬಿಟ್ಟವನಲ್ಲ. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೇಲೆಕೋಡಿಗೆ ಹೊರಡುವ ಮುಂಚೆ ಫೋನ್ ಮಾಡಿ, ‘ಮೇಡಂ, ಗಾಡೀಲಿ ಮುಂದಿನ ಸೀಟು ನಿಮಗೇ ಇಟ್ಟಿದೀನಿ, ಬನ್ನಿ’ ಎಂದು ಕರೆಯುತ್ತಿದ್ದ. ‘ಬಾಳೆಗಿಡದ ಜೊತೆ ಬಂದ್ರೆ ಸಮುದ್ರ ನನ್ನನ್ನ ನೋಡಿ ನಗುತ್ತೆ ಕಣಪ್ಪ’ ಎಂದು ಇವರು ಫೋನ್ ಇಡುತ್ತಿದ್ದರು. ಆ ಮಾತು ತಮಗೇ ಎಷ್ಟು ಇಷ್ಟವಾಗಿತ್ತೆಂದರೆ ನಾಣಿಗೆ ಹೇಳಿ ನಕ್ಕು, ಪಕ್ಕದ ಮನೆಯ ಯಶೋದಮ್ಮನಿಗೆ ಹೇಳಿ ನಕ್ಕು, ಸೊಪ್ಪು ಮಾರುವವಳಿಗೂ ಒಂದು ಸಲ ಹೇಳಿದ್ದರು. ಪಾಪ, ಅವಳಿಗೆ ಏನೂ ಅರ್ಥವಾಗದಿದ್ದರೂ ಗಿರಾಕಿ ನಕ್ಕರಲ್ಲ ಎಂದು ತಾನೂ ನಕ್ಕಿದ್ದಳು.

ಬೇಲೆಕೋಡಿ ಕರಾವಳಿಯ ಒಂದು ಸಣ್ಣ ಊರು. ಅಲ್ಲಿ ಮರಳಿನ ಉದ್ದನೆಯ ದಿಬ್ಬವೊಂದು ಸಮುದ್ರಕ್ಕೆ ಅಡ್ಡ ಮಲಗಿದೆ. ದಿಬ್ಬದ ಈಚೆ ನಿಂತಿರುವ ಉಪ್ಪುನೀರೇ ಲಗೂನು. ಅದು ಸಮುದ್ರಕ್ಕೆ ಬಾಯಿ ತೆರೆಯುವ ಕಡೆ, ನೀರಿನಡಿಯಲ್ಲಿ, ಅಗಲವಾದ ಒಂದು ಕಲ್ಲಿನ ಹಾಸು ಇದೆ. ಆ ಹಾಸಿನ ತುಂಬ ಸರ್ಗಾಸಮ್ ಎಂಬ ಕಂದು ಪಾಚಿ. ಪಾಚಿ ಎಂದರೆ ಬಚ್ಚಲಲ್ಲಿ ಕಾಲು ಜಾರಿಸುವ ಲೋಳೆಯಲ್ಲ. ಸೊಂಟದುದ್ದ ಬೆಳೆದು, ಕೊಂಬೆಕೊಂಬೆಗೂ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಗಾಳಿಬುರುಡೆ ಹೊತ್ತು, ನೀರಿನಲ್ಲಿ ತೂಗುವ ತೋಟ. ಮರಿಮೀನು ಅಡಗುವುದು ಅಲ್ಲೇ, ಏಡಿ ಸಂಸಾರ ಮಾಡುವುದು ಅಲ್ಲೇ. ಅನಂತಲಕ್ಷ್ಮಿ ಓದು ಮುಗಿಸಿದ ವರ್ಷ ಸೀರೆ ಎತ್ತಿ ಕಟ್ಟಿಕೊಂಡು ಆ ತೋಟಕ್ಕೆ ಇಳಿದವರು, ನಿವೃತ್ತರಾಗುವ ತನಕ ಪ್ರತಿ ಚಳಿಗಾಲದಲ್ಲೂ ಹೋಗಿ ಅಳೆದು ಬಂದವರು. ಮನುಷ್ಯರ ಮೇಲೆ ಅವರಿಗೆ ಅಷ್ಟು ಪ್ರೀತಿ ಎಂದೂ ಹುಟ್ಟಲಿಲ್ಲ. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ.

ಆ ತೋಟ ಈಗ ಇಲ್ಲ ಎಂದು ಕಶ್ಯಪ್ ಸೋಫಾದ ತುದಿಯಲ್ಲಿ ಕೂತು ಹೇಳುತ್ತಿದ್ದ.

“ಹೇಳೋಕೆ ಬೇಜಾರು ಮೇಡಂ. ನಾನು ಚಾರ್ಜ್ ತಗೊಂಡ ಮೊದಲ ವರ್ಷನೇ ಅರ್ಧಕ್ಕೆ ಇಳಿದಿತ್ತು. ಅಲ್ಲಿಂದ ಬೀಳ್ತಾ ಬೀಳ್ತಾ ಈ ವರ್ಷ ಸೊನ್ನೆ. ಒಂದು ಎಳೇನೂ ಸಿಗಲಿಲ್ಲ.”

ಅನಂತಲಕ್ಷ್ಮಿಯವರ ಎದೆ ಧಸಕ್ಕೆಂದಿತು. ಆದರೆ ಎದೆ ಧಸಕ್ಕೆಂದಾಗಲೆಲ್ಲ ಅವರ ನಾಲಿಗೆ ಇನ್ನಷ್ಟು ಹರಿತವಾಗುತ್ತದೆ.

“ನೀನು ಬರ್ತಿದೀಯ ಅಂತ ಗೊತ್ತಾಗಿ ಮುಳುಗಿರಬೇಕು ಬಿಡು.”

ನಾಣಿ ನಕ್ಕ. ಕಶ್ಯಪ್ ಕೂಡ ಶಿಸ್ತಾಗಿ ನಕ್ಕ. ಇವನಿಗೆ ಬೈದರೂ ತಿಳಿಯುವುದಿಲ್ಲವಲ್ಲ ಎಂದು ಅವರಿಗೆ ಮೈ ಉರಿಯಿತು.

ಕಾಫಿ ಕೊಡುತ್ತ ನಾಣಿಯೇ ಸುಮ್ಮನೆ ಮಾತಿಗೆ ಕೇಳಿದ. “ಈ ಸಲ ಯಾವಾಗ ಹೋಗಿದ್ರಿ?”

“ಮಾಘ ಶುದ್ಧ ದಶಮಿ ಸಾರ್. ನಾವು ಯಾವತ್ತೂ ದಶಮಿನೇ. ನಮ್ಮಮ್ಮ ಕ್ಯಾಲೆಂಡರ್ ನೋಡಿ ದಿನ ಇಟ್ಟುಕೊಡ್ತಾರೆ. ದಶಮಿ ಹೊರಟು ಏಕಾದಶಿ ಬೆಳಗ್ಗೆ ನೀರಿಗೆ ಇಳಿಯೋದು. ಹೆಣ್ಣುಮಕ್ಕಳನ್ನೆಲ್ಲ ಕರ್ಕೊಂಡು ಅಷ್ಟು ದೂರ ಹೋಗೋದು, ಅದೂ ನೀರಿನ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆ ಅಂದ್ರೆ ಪೇರೆಂಟ್ಸ್ ಕಳಿಸ್ತಾರಾ? ಡ್ರೈವರ್ರೇ ಗಾಡಿ ತೆಗೆಯಲ್ಲ.”

ಅನಂತಲಕ್ಷ್ಮಿಯವರು ಕೈಲಿದ್ದ ಲೋಟವನ್ನು ಕೆಳಗಿಟ್ಟರು. ನಗು ಹೊಟ್ಟೆಯಿಂದ ಎದ್ದು ಗಂಟಲ ತನಕ ಬಂದಿತ್ತು. ಅದನ್ನು ಅಲ್ಲೇ ಹಿಡಿದು ನಿಲ್ಲಿಸಿದರು.

ಇದರಲ್ಲಿ ಬ್ರಹ್ಮವಿದ್ಯೆಯೇನೂ ಇಲ್ಲ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಸಮುದ್ರ ಜಾಸ್ತಿ ಉಕ್ಕುತ್ತದೆ, ಹಾಗೆಯೇ ಜಾಸ್ತಿ ಇಳಿಯುತ್ತದೆ. ಬೇಲೆಕೋಡಿಯ ಕಲ್ಲಿನ ಹಾಸು ಗಾಳಿಗೆ ಮುಖ ತೋರಿಸುವುದು ಆ ಇಳಿತದಲ್ಲಿ ಮಾತ್ರ. ದಶಮಿ ಏಕಾದಶಿಗೆ ನೀರು ಇಳಿದ ಹಾಗೆ ಮಾಡಿ ಅಲ್ಲೇ ನಿಂತುಬಿಡುತ್ತದೆ. ಹಾಸು ಕದಡಿದ ನೀರಿನ ಕೆಳಗೇ ಉಳಿಯುತ್ತದೆ. ಈ ಮಹಾನುಭಾವ ವರ್ಷ ವರ್ಷವೂ ದಡದ ಮೊಣಕಾಲುದ್ದ ನೀರಿನಲ್ಲಿ ನಿಂತು, ಅಳತೆಯ ಪೈಪಿನ ಚೌಕಟ್ಟನ್ನು ಬರೀ ಮರಳಿನ ಮೇಲಿಟ್ಟು, ಅದರೊಳಗೆ ತೇಲಿ ಬಂದ ಎಳೆ ಸಿಕ್ಕರೆ ಎಣಿಸಿ, ಸಿಗದಿದ್ದರೆ ಇಲ್ಲ ಎಂದು ಬರೆದುಕೊಂಡು ಬಂದಿದ್ದಾನೆ. ಪಾಚಿ ಎಲ್ಲಿಗೂ ಹೋಗಿಲ್ಲ. ಇವನ ಅಮ್ಮ ಒಳ್ಳೆಯ ದಿನ ಇಟ್ಟುಕೊಟ್ಟಿದ್ದಾರೆ, ಅಷ್ಟೇ!

ಅಯ್ಯೋ, ಎಂಥ ನೆಮ್ಮದಿ. ಕಶ್ಯಪ್ ಪೆದ್ದನಾದರೆ ತೋಟ ಬದುಕಿದೆ. ಇವನ ಪೆದ್ದುತನದ ಮೇಲೆ ಅನಂತಲಕ್ಷ್ಮಿಯವರಿಗೆ ಎಂದೂ ಅನುಮಾನ ಇರಲಿಲ್ಲ, ಈಗಂತೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

“ಬರ್ತೀನಪ್ಪ,” ಎಂದರು, ಬೆಲ್ಲ ಸುರಿಯುವ ದನಿಯಲ್ಲಿ. “ಖಂಡಿತ ಬರ್ತೀನಿ. ಒಂದೆರಡು ಮಾತು ಆಡೋಕೂ ಅವಕಾಶ ಕೊಡು.”

“ಅಯ್ಯೋ, ನೀವೇ ಚೀಫ್ ಗೆಸ್ಟ್ ಮೇಡಂ!”

ಅವನು ಬಗ್ಗಿ ಕಾಲು ಮುಟ್ಟಿ ನಮಸ್ಕರಿಸಿ, ಸ್ಟೀಲ್ ತಟ್ಟೆಯನ್ನು ಮಾತ್ರ ವಾಪಸು ತೆಗೆದುಕೊಂಡು ಹೋದ. ಗೇಟಿನ ಸದ್ದಾದ ಮೇಲೆ ಅಕ್ಕ ತಡೆದಿಟ್ಟ ನಗುವನ್ನೆಲ್ಲ ಬಿಟ್ಟರು. ಕಣ್ಣಲ್ಲಿ ನೀರು ಬರುವ ತನಕ ನಕ್ಕು ನಾಣಿಗೆ ವಿಷಯ ಬಿಡಿಸಿ ಹೇಳಿದರು.

“ಅವನಿಗೇ ಹೇಳಿಬಿಡಬಹುದಿತ್ತಲ್ಲ ಅಕ್ಕ? ಪಾಪ, ಸೆಮಿನಾರ್ ಬೇರೆ ಇಟ್ಕೊಂಡಿದಾನೆ.”

“ಹೇಳ್ತೀನಿ ಕಣೋ. ಮೈಕಿನಲ್ಲಿ ಹೇಳ್ತೀನಿ. ಅವನು ಸ್ಲೈಡ್ ಎಲ್ಲ ತೋರಿಸಿ ಮುಗಿಸಲಿ. ಎದ್ದು ನಿಂತು ಒಂದೇ ಒಂದು ಫೋಟೋ ತೋರಿಸ್ತೀನಿ. ಈ ವರ್ಷದ್ದು, ತೋಟದ್ದು. ನಿಮ್ಮಮ್ಮನಿಗೆ ನಮಸ್ಕಾರ ಹೇಳಪ್ಪ ಅಂತೀನಿ.”

ಫೋಟೋ ಬೇಕಾದರೆ ಹೋಗಬೇಕು. ಹೋಗುವುದಾದರೆ ಅಮಾವಾಸ್ಯೆಗೇ ಹೋಗಬೇಕು. ಶಿವರಾತ್ರಿ ಮುಗಿದ ಮೇಲಿನ ಅಮಾವಾಸ್ಯೆಯ ಸಂಜೆ ಅಕ್ಕ ತಮ್ಮ ಇಬ್ಬರೂ ಚೀಲ ಹೊತ್ತು ಹೊರಟರು. ಗೇಟಿನಲ್ಲಿ ಯಶೋದಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದವರು ಬಕೆಟ್ ಕೆಳಗಿಟ್ಟರು.

“ಇವತ್ತು ಹೊರಟಿದೀರಾ? ಅಮಾವಾಸ್ಯೆ ಅಲ್ವೇನ್ರೀ ಅನಂತಲಕ್ಷ್ಮಿ! ನಾಳೆ ಹೋದ್ರೆ ಆಗಲ್ವಾ?”

“ನಾಳೆ ಹೊರಟ್ರೆ ಸಮುದ್ರ ಕಾಯಲ್ಲ ಯಶೋದಮ್ಮ.”

“ದಾರೀಲಿ ಒಂದು ನಿಂಬೆಹಣ್ಣಾದ್ರೂ ಇಟ್ಕೊಳಿ,” ಎಂದು ಅವರು ಒಳಗೆ ಓಡಿ ತಂದೇ ತಂದರು. ಅನಂತಲಕ್ಷ್ಮಿ ಅದನ್ನು ನಾಣಿಯ ಕೈಗೆ ಹಾಕಿ, ಬೆಳಗ್ಗೆ ಪಾನಕ ಮಾಡ್ಕೊಂಡು ಕುಡಿ ಎಂದರು. ನವರಂಗ್ ಹತ್ತಿರ ಬಸ್ಸು ಹತ್ತಿದಾಗ ಅರ್ಧಕ್ಕರ್ಧ ಸೀಟು ಖಾಲಿ. ಚಕ್ರದ ಕೆಳಗೆ ನಿಂಬೆಹಣ್ಣು ಚಪ್ಪಟೆಯಾಗಿತ್ತು, ಬಾಗಿಲಲ್ಲಿ ಒಡೆದ ಬೂದುಗುಂಬಳದ ಮೇಲೆ ಕುಂಕುಮ. ಇಂಥ ಊರಿನಲ್ಲಿ ವಿಜ್ಞಾನ ಪಾಠ ಮಾಡಿ ಕೂದಲು ನೆರೆಸಿಕೊಂಡೆನಲ್ಲ ಎಂದು ಅನಂತಲಕ್ಷ್ಮಿ ಮೂಗು ಮುರಿದರು. ಆದರೆ ಕಿಟಕಿಯ ಪಕ್ಕ ಕೂತವರ ಮುಖದಲ್ಲಿ ಸಂತೋಷ ಹೇಗೆ ಎದ್ದು ಕಾಣುತ್ತಿತ್ತೆಂದರೆ, ನಾಣಿ ಅದನ್ನು ನೋಡಿಯೂ ನೋಡದವನಂತೆ ಕಣ್ಣು ಮುಚ್ಚಿಕೊಂಡ. ತವರಿಗೆ ಹೊರಟ ಹುಡುಗಿಯ ಮುಖ ಅದು.

ಬೆಳಗ್ಗೆ ಬಸ್ಸಿಳಿದವರು ಲಾಡ್ಜಿಗೂ ಹೋಗಲಿಲ್ಲ. ಆಟೋ ಹಿಡಿದು ನೇರವಾಗಿ ಲಗೂನಿನ ಬಾಯಿಗೆ ಬಂದರು. ಸೂರ್ಯ ಇನ್ನೂ ಸರಿಯಾಗಿ ಮೇಲೆ ಬಂದಿರಲಿಲ್ಲ. ನೀರು ಇಳಿಯುತ್ತಿತ್ತು.

ಅಮಾವಾಸ್ಯೆ ತನ್ನ ಮಾತು ಉಳಿಸಿಕೊಂಡಿತು. ಮೊದಲು ದಡದ ಮರಳು ಹೊರಬಂತು, ಆಮೇಲೆ ಸಣ್ಣ ಕಲ್ಲುಗಳು. ಕಶ್ಯಪ್ ನಿಂತಿದ್ದು ಇಲ್ಲೇ ಇರಬೇಕು ಎಂದು ಅನಂತಲಕ್ಷ್ಮಿ ಒಂದು ಜಾಗವನ್ನು ಕೋಲಿನಿಂದ ತೋರಿಸಿದರು. “ನೋಡೋ, ಇಲ್ಲಿ ನಿಂತು ಸೊನ್ನೆ ಬರ್ಕೊಂಡು ಹೋಗಿದಾನೆ. ಬುದ್ಧಿವಂತ!” ನೀರು ಇನ್ನೂ ಹಿಂದಕ್ಕೆ ಸರಿಯಿತು. ಹಾಸಿನ ಅಂಚು ಕಾಣಿಸಿತು. ಅವರು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ನಾಣಿಯ ಭುಜ ಹಿಡಿದು ನಡೆದರು.

ಹಾಸು ಪೂರ್ತಿ ಹೊರಗೆ ಬಂತು. ಈ ಕಡೆಯಿಂದ ಆ ಕಡೆಯವರೆಗೆ, ಅವರು ಪ್ರಾಯದಲ್ಲಿ ಕಂಡಿದ್ದಷ್ಟೇ ಅಗಲವಾಗಿ, ಯಾವ ಮುಚ್ಚುಮರೆಯೂ ಇಲ್ಲದೆ ಬಿದ್ದುಕೊಂಡಿತ್ತು. ಅದರ ಮೇಲೆ ತೋಟ ಇರಲಿಲ್ಲ. ಬೂದುಬಣ್ಣದ ಹೂಳು ಅಂಟಿತ್ತು. ಹೂಳಿನ ಮೇಲೆ ತೆಳ್ಳನೆಯ ಹಸಿರು ಲೋಳೆ, ಥೇಟ್ ಬಚ್ಚಲಿನದೇ.

“ಅಕ್ಕ, ಜಾಗ ಇದೇನಾ?”

“ಬಾಯ್ಮುಚ್ಚೋ.”

ಅವರು ಬಗ್ಗಿದರು. ಬಗ್ಗಲು ಆಗದಿದ್ದಾಗ ಮಂಡಿಯೂರಿದರು. ಸರ್ಗಾಸಮ್ ಕಲ್ಲನ್ನು ಕಚ್ಚಿ ಹಿಡಿಯಲು ಗುಂಡನೆಯ ಬುಡವೊಂದನ್ನು ಊರುತ್ತದೆ. ಮೇಲಿನದೆಲ್ಲ ಹರಿದುಹೋದರೂ ಬುಡ ಇದ್ದರೆ ಮತ್ತೆ ಚಿಗುರುತ್ತದೆ. ಆ ಬುಡಕ್ಕಾಗಿ ಉಗುರಿನಲ್ಲಿ ಹೂಳು ಕೆರೆದರು. ಒಂದು ಕಲ್ಲು, ಪಕ್ಕದ ಕಲ್ಲು, ಅದರ ಪಕ್ಕದ ಸಂದು. ನೀರು ಹಿಂದಿರುಗಿ ಮೊಣಕಾಲು ತೊಯ್ಯಿಸುವ ತನಕ ಕೆರೆದರು. ಒಂದೂ ಸಿಗಲಿಲ್ಲ. ಎಂದೋ ಸತ್ತಿತ್ತು ಅದು, ನಿನ್ನೆ ಮೊನ್ನೆಯದಲ್ಲ. ಬುಡ ಕೊಳೆತು, ಕಲ್ಲಿನ ಮೇಲೆ ಇದ್ದ ಗುರುತೂ ಅಳಿಸಿಹೋಗಿತ್ತು.

ಅನಂತಲಕ್ಷ್ಮಿಯವರು ಅಳುವ ಹೆಂಗಸಲ್ಲ. ಆವತ್ತು ಹೂಳು ಮೆತ್ತಿದ ಕೈಯನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಾಣಿ ಏನು ಮಾಡಬೇಕೆಂದು ತೋಚದೆ ಜೇಬಿನಿಂದ ಕರವಸ್ತ್ರ ತೆಗೆಯಲು ಹೋದ, ನಿಂಬೆಹಣ್ಣು ಕೈಗೆ ಬಂತು. ಮತ್ತೆ ಒಳಗಿಟ್ಟ.

ವಾಪಸು ಬರುವ ಬಸ್ಸಿನಲ್ಲಿ ಅವರು ಮಾತಾಡಿದ್ದು ಒಂದೇ ಒಂದು ಸಲ. “ಬಾಳೆಗಿಡ ಹೇಳಿದ್ದೇ ನಿಜ ಆಯ್ತಲ್ಲೋ ನಾಣಿ,” ಎಂದರು. ಆ ಮಾತಿಗೆ ನಗಬೇಕೋ ಬೇಡವೋ ನಾಣಿಗೆ ಗೊತ್ತಾಗಲಿಲ್ಲ.

ಸೆಮಿನಾರಿನ ದಿನ ಕಾಲೇಜಿನ ಸಭಾಂಗಣದಲ್ಲಿ ದೀಪದ ಕಂಬಕ್ಕೆ ಹೂ ಸುತ್ತಿತ್ತು. ಪ್ರಾರ್ಥನೆಯಾಯಿತು, ಸ್ವಾಗತವಾಯಿತು, ಆಡಳಿತ ಮಂಡಳಿಯ ಕಾರ್ಯದರ್ಶಿ ಚನ್ನವೀರೇಶ್ ಪಾಚಿಗೂ ನಮ್ಮ ಸಂಸ್ಕೃತಿಗೂ ಇರುವ ಸಂಬಂಧದ ಬಗ್ಗೆ ಬಾಯಿಗೆ ಬಂದದ್ದು ಮಾತಾಡಿ ಕೂತರು. ಹಿಂದಿನ ಸಾಲಿನ ಹುಡುಗರು ಬೆಂಚಿನ ಕೆಳಗೆ ಮೊಬೈಲ್ ಹಿಡಿದಿದ್ದರು. ಆಮೇಲೆ ಕಶ್ಯಪ್ ಸ್ಲೈಡ್ ತೋರಿಸಿದ. ಕೆಂಪು ಗೆರೆಯೊಂದು ಎಡಗಡೆ ಮೇಲಿನಿಂದ ಹೊರಟು, ಜಾರುಬಂಡೆಯಲ್ಲಿ ಜಾರಿದ ಹಾಗೆ ಇಳಿದು, ಬಲಗಡೆ ನೆಲ ಮುಟ್ಟಿತ್ತು. ಎಡಗಡೆಯ ಎತ್ತರವೆಲ್ಲ ಅನಂತಲಕ್ಷ್ಮಿಯವರು ಅಳೆದ ಅಮಾವಾಸ್ಯೆಗಳು. ಇಳಿಜಾರೆಲ್ಲ ಕಶ್ಯಪನ ದಶಮಿಗಳು. ಆ ಗೆರೆಯಲ್ಲಿ ಇದ್ದದ್ದು ಸಮುದ್ರವಲ್ಲ, ಕಶ್ಯಪನ ಅಮ್ಮನ ಕ್ಯಾಲೆಂಡರ್. ಆದರೂ ಅದು ಬಂದು ನಿಂತ ಸೊನ್ನೆ ಮಾತ್ರ ಸತ್ಯವಾಗಿತ್ತು. ಇಂಥ ಅನ್ಯಾಯ ಉಂಟೇ!

ಅನಂತಲಕ್ಷ್ಮಿಯವರನ್ನು ಮೈಕಿಗೆ ಕರೆದರು. ವಾರಗಟ್ಟಲೆ ಬಾಯಲ್ಲಿಟ್ಟು ಮಸೆದಿದ್ದ ಮಾತುಗಳು ಯಾವುವೂ ಈಗ ಉಪಯೋಗಕ್ಕಿರಲಿಲ್ಲ.

“ನಾನು ಹೋಗಿ ನೋಡಿ ಬಂದೆ,” ಎಂದರು. “ಅಮಾವಾಸ್ಯೆ ಇಳಿತದಲ್ಲಿ ನೋಡಿದೆ. ಹಾಸು ಪೂರ್ತಿ ಹೊರಗಿತ್ತು. ಪಾಚಿ ಇಲ್ಲ.”

ಯಾರೋ ಚಪ್ಪಾಳೆ ಶುರು ಮಾಡಿದರು. ಸಭೆಯೆಲ್ಲ ತಟ್ಟಿತು. ಕಶ್ಯಪ್ ಎದ್ದು ಬಂದು, ಅವರ ಪಕ್ಕದಲ್ಲೇ ನಿಂತು, ಹಲ್ಲೆಲ್ಲ ಕಾಣುವ ಹಾಗೆ ನಕ್ಕು ಇನ್ನೊಂದು ಮೈಕಿನಲ್ಲಿ ಹೇಳಿದ. “ನಾವು ದಶಮಿಗೆ ಹೋದ್ರೂ ಸೊನ್ನೆ, ಮೇಡಂ ಅಮಾವಾಸ್ಯೆಗೆ ಹೋದ್ರೂ ಸೊನ್ನೆ. ಎರಡೂ ಟ್ಯಾಲಿ ಆಯ್ತು! ನಮ್ಮ ಡೇಟಾಗೆ ಇದಕ್ಕಿಂತ ಸರ್ಟಿಫಿಕೇಟ್ ಬೇಕಾ?”

ಮತ್ತೆ ಚಪ್ಪಾಳೆ. ಅನಂತಲಕ್ಷ್ಮಿಯವರ ಹೆಗಲ ಮೇಲೆ ಇನ್ನೊಂದು ಶಾಲು ಬಿತ್ತು.

ಅವರು ಅದನ್ನು ಸಹಿಸಿಕೊಂಡು ಊಟದ ಹೊತ್ತಿನ ತನಕ ಕೂತರು. ಕಾರಿಡಾರಿನಲ್ಲಿ ಎಲ್ಲರೂ ತಟ್ಟೆ ಹಿಡಿದು ನಿಂತಾಗ ಕಶ್ಯಪನನ್ನು ಮೂಲೆಗೆ ಕರೆದರು. ನಾಣಿಯೂ ಕೇಸರಿಬಾತಿನ ತಟ್ಟೆಯ ಸಮೇತ ಹಿಂದೆಯೇ ಬಂದ. ಇಳಿತ ಎಂದರೇನು, ಅಮಾವಾಸ್ಯೆಗೂ ಹಾಸಿಗೂ ಏನು ಸಂಬಂಧ ಎಂಬುದನ್ನು ಎಲ್‌ಕೆಜಿ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಅವನ ಮುಖ ಕೆಳಗಿಳಿಯುತ್ತ ಹೋಯಿತು.

“ಈಗ ಹೇಳು. ಆ ತೋಟ ಯಾವ ವರ್ಷ ಹೋಯ್ತು? ನೀನು ಚಾರ್ಜ್ ತಗೊಂಡ ವರ್ಷಾನಾ? ಹೋದ ವರ್ಷಾನಾ? ಹೂಳು ಮುಂಚೆ ಬಂತಾ, ಲೋಳೆ ಮುಂಚೆ ಬಂತಾ? ಏನು ಕೊಂದಿತು ಅಂತ ಈಗ ಯಾರು ಹೇಳ್ತಾರೆ? ಅರ್ಧ ಇದ್ದಾಗ ಯಾರಾದ್ರೂ ನೋಡಿದ್ರೆ ಉಳಿಸಬಹುದಿತ್ತೋ ಏನೋ. ನೀನು ಇಷ್ಟು ವರ್ಷ ಅಳೆದಿದ್ದು ಏನು ಗೊತ್ತಾ? ಮರಳು!”

ಕಶ್ಯಪ್ ಕೈಯಲ್ಲಿದ್ದ ಪೇಪರ್ ಕಪ್ಪನ್ನು ತಿರುಗಿಸುತ್ತ ನಿಂತಿದ್ದ. ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅನಂತಲಕ್ಷ್ಮಿಯವರಿಗೆ ಎಷ್ಟೋ ಸುಲಭವಾಗುತ್ತಿತ್ತು.

“ಎಂಎಸ್ಸೀಲಿ ಇದ್ದಾಗ ಒಂದ್ಸಲ ನಿಮ್ಮ ಜೊತೆ ಬಂದಿದ್ದೆ ಮೇಡಂ. ಅಮಾವಾಸ್ಯೆ ದಿನ. ಯಾಕೆ ಮೇಡಂ ಅಮಾವಾಸ್ಯೆನೇ ಅಂತ ಕೇಳಿದ್ದೆ. ‘ಯಾಕಪ್ಪ, ದೆವ್ವ ಹಿಡಿಯುತ್ತಾ ನಿಂಗೆ?’ ಅಂದ್ರಿ. ಬಸ್ಸಲ್ಲಿ ಎಲ್ಲರೂ ನಕ್ಕಿದ್ರು. ನೀವು ಇವೆಲ್ಲ ನಂಬಲ್ಲ, ಅದಕ್ಕೇ ಬೇಕೂಂತ ಆ ದಿನ ಹೊರಡ್ತೀರ ಅಂದ್ಕೊಂಡೆ. ಆಮೇಲೆ ಇನ್ನೊಂದ್ಸಲ ಕೇಳೋಕೆ ಧೈರ್ಯ ಬರಲಿಲ್ಲ.”

“ಓದಬಹುದಿತ್ತಲ್ಲ. ಪುಸ್ತಕ ಇರಲಿಲ್ವಾ?”

“ಓದಬಹುದಿತ್ತು ಮೇಡಂ. ನಂದೇ ತಪ್ಪು.” ಅವನು ತಲೆ ಎತ್ತಿದ. “ನಂಗೆ ಸಮುದ್ರ ಗೊತ್ತಿಲ್ಲ ಅಂತ ನಂಗೆ ಗೊತ್ತಿತ್ತು. ಅದಕ್ಕೇ ಪ್ರತಿ ವರ್ಷ ಫೋನ್ ಮಾಡ್ತಿದ್ದೆ. ಒಂದ್ಸಲ ಬಂದು ಆ ನೀರು ನೋಡಿದ್ರೆ ನೀವೇ ಬಯ್ದು ಹೇಳ್ತಿದ್ರಿ, ಇವತ್ತಲ್ಲ ಕಣೋ, ಅಮಾವಾಸ್ಯೆಗೆ ಬಾ ಅಂತ. ಮುಂದಿನ ಸೀಟು ಖಾಲಿನೇ ಇರ್ತಿತ್ತು ಮೇಡಂ. ಈ ವರ್ಷನೂ ಖಾಲಿನೇ ಹೋಯ್ತು.”

ಒಳಗೆ ಯಾರೋ ಅವನನ್ನು ಫೋಟೋಗೆ ಕರೆದರು. ಬರ್ತೀನಿ ಮೇಡಂ ಎಂದು, ಇಲ್ಲಿಯೂ ಬಗ್ಗಿ ಕಾಲು ಮುಟ್ಟಿ, ಹೋದ.

ಅನಂತಲಕ್ಷ್ಮಿಯವರು ಅವನ ಬೆನ್ನನ್ನು ನೋಡುತ್ತ ನಿಂತರು. ಬೆನ್ನ ಹಿಂದೆ ಎಸೆಯಲು ಒಂದು ಮಾತು ಅವರ ಬಳಿ ಯಾವಾಗಲೂ ಇರುತ್ತಿತ್ತು. ಬಾಯಿ ತೆರೆದರು ಕೂಡ. ನಾಣಿ ಅಭ್ಯಾಸಬಲದಿಂದ ನಗಲು ಸಿದ್ಧನಾಗಿ ಅಕ್ಕನ ಮುಖ ನೋಡಿದ. ಆ ಮುಖದಲ್ಲಿ ಏನು ಕಂಡಿತೋ, ಕಣ್ಣು ತಗ್ಗಿಸಿ ತಟ್ಟೆಯ ಕೇಸರಿಬಾತನ್ನು ಚಮಚದಿಂದ ಕೆದಕುತ್ತ ನಿಂತ.